ಇಸ್ಲಾಮಿಕ್ ಬ್ಯಾಂಕಿನಲ್ಲಿ ನೌಕರರಿಗೆ ಹುರುಪು ತುಂಬುವುದು ಎಂಥ ನಾಯಕತ್ವ?

ಇಸ್ಲಾಮಿಕ್ ಬ್ಯಾಂಕಿನ ನೌಕರರಿಗೆ ಧರ್ಮಶ್ರದ್ಧೆಯೊಂದೇ ಸಾಕಷ್ಟು ಪ್ರೇರಣೆಯೇ, ಅಥವಾ ಅಲ್ಲಿಯೂ ಮೇಲಧಿಕಾರಿಯ ನಾಯಕತ್ವ ಶೈಲಿ ಮುಖ್ಯವೇ ಎಂದು ಕೇಳಿದ್ದೀರಿ. ದುಬೈಯ ಇಂಥದೊಂದು ಬ್ಯಾಂಕಿನ ವಾಹನ ಸಾಲದ ವಿಭಾಗದಲ್ಲಿ (ಅಲ್ಲಿ ‘ಸಾಲ’ ಎನ್ನುವಂತಿರಲಿಲ್ಲ, ‘ಫೈನಾನ್ಸ್’ ಎನ್ನಬೇಕಿತ್ತು) ಆರು ವರ್ಷ ದುಡಿದ ನಾನು ಕಂಡಂತೆ, ಶ್ರದ್ಧೆಯನ್ನಷ್ಟೇ ನೆಚ್ಚಿಕೊಂಡವರು ಸೋತರು. ನಮ್ಮ ತಂಡದಲ್ಲಿ ಮುಸ್ಲಿಮರ ಜೊತೆಗೆ ಕೇರಳದ ಕ್ರೈಸ್ತರೂ ಮಂಗಳೂರಿನ ಹಿಂದೂವಾದ ನಾನೂ ಇದ್ದೆವು.

ಬಡ್ಡಿ ನಿಷಿದ್ಧವಾದ್ದರಿಂದ ಅಲ್ಲಿ ಮುರಾಬಹಾ ಎಂಬ ಕ್ರಮವಿದೆ: ಬ್ಯಾಂಕು ಮೊದಲು ಡೀಲರನಿಂದ ಕಾರನ್ನು ಕೊಂಡು ತನ್ನದಾಗಿಸಿಕೊಂಡು, ಆಮೇಲೆ ಕೊಂಡ ಬೆಲೆಯನ್ನೂ ತನ್ನ ಲಾಭವನ್ನೂ ತಿಳಿಸಿ ಗ್ರಾಹಕನಿಗೆ ಕಂತಿನ ಮೇಲೆ ಮಾರುತ್ತದೆ. ಈ ಕ್ರಮ ಹಿಂದುಮುಂದಾದರೆ ಶರಿಯಾ ಲೆಕ್ಕಪರಿಶೋಧನೆಯಲ್ಲಿ ಆ ಲಾಭ ದಾನದ ಖಾತೆಗೆ ಹೋಗಬಹುದು. ತಿಂಗಳ ಕೊನೆಯ ಸಂಜೆ, ಟಾರ್ಗೆಟ್ಟಿಗೆ ಇನ್ನೆರಡು ಕಾರು ಬೇಕಿರುವಾಗ, ಗ್ರಾಹಕನ ಸಹಿಯನ್ನು ಮೊದಲೇ ಹಾಕಿಸಿಕೊಳ್ಳದೆ ಕಾಯುವುದು ಸುಲಭವಲ್ಲ.

ನಮ್ಮ ಮೊದಲ ಮ್ಯಾನೇಜರ್ ಬೆಳಗಿನ ಸಭೆಯಲ್ಲಿ ಅಮಾನತ್, ಅಂದರೆ ನಂಬಿ ಒಪ್ಪಿಸಿದ್ದನ್ನು ಕಾಪಾಡುವ ಹೊಣೆಯ ಬಗ್ಗೆ ಸೊಗಸಾಗಿ ಮಾತಾಡುತ್ತಿದ್ದರು. ಸಂಜೆ ಕೇಳುತ್ತಿದ್ದುದು ಸಂಖ್ಯೆಯನ್ನು ಮಾತ್ರ. ಆಮೇಲೆ ಬಂದವರು ಧರ್ಮದ ಮಾತಾಡಿದ್ದೇ ಕಡಿಮೆ. ಕಾರು ಬ್ಯಾಂಕಿನ ಒಡೆತನದಲ್ಲಿರುವ ಅಷ್ಟು ಹೊತ್ತಿನಲ್ಲಿ ಹಾಳಾದರೆ ನಷ್ಟ ಬ್ಯಾಂಕಿನದೇ, ಆ ಅಪಾಯ ಹೊತ್ತದ್ದರಿಂದಲೇ ಲಾಭ ನ್ಯಾಯಸಮ್ಮತವಾಗುತ್ತದೆ ಎಂಬುದನ್ನು ಶರಿಯಾ ವಿಭಾಗದವರಿಂದ ನಮಗೆ ಬಿಡಿಸಿ ಹೇಳಿಸಿದರು. ಟಾರ್ಗೆಟ್ ಗೊತ್ತುಮಾಡುವ ಮುನ್ನ, ಶೂರಾ (ಇಸ್ಲಾಮಿನಲ್ಲಿ ಸಮಾಲೋಚನೆ) ಎಂಬ ದೊಡ್ಡ ಹೆಸರಿಡದೆಯೇ, ನಮ್ಮನ್ನು ಕೇಳಿದರು. ಕ್ರಮ ತಪ್ಪಿದ ಫೈಲು ಇನ್ಸೆಂಟಿವ್ ಲೆಕ್ಕಕ್ಕೆ ಬರುವುದಿಲ್ಲವೆಂದರು. ಕ್ರಮ ಕಾಯ್ದು ತಡವಾದ ಫೈಲುಗಳಿಗಾಗಿ ಮೇಲಿನವರ ಬೈಗುಳವನ್ನು ತಾವೇ ತಿಂದರು.

ನಾಯಕತ್ವವನ್ನು ಅಧ್ಯಯನ ಮಾಡಿದ ವಿದ್ವಾಂಸ ಬರ್ನಾರ್ಡ್ ಬಾಸ್ 1985ರಲ್ಲಿ ವಿವರಿಸಿದ ಪರಿವರ್ತನಾತ್ಮಕ ನಾಯಕತ್ವಕ್ಕೆ, ಅಂದರೆ ಕೆಲಸದ ಹಿಂದಿನ ದೊಡ್ಡ ಉದ್ದೇಶವನ್ನು ಮನಗಾಣಿಸಿ ಹುರಿದುಂಬಿಸುವ ಶೈಲಿಗೆ, ಇದನ್ನು ಹೋಲಿಸಬಹುದು. ಆದರೆ ಆ ನಾಯಕತ್ವವು ದುಡಿಮೆಗೆ ತಕ್ಕ ಪ್ರತಿಫಲವೆಂಬ ಕೊಡುಕೊಳ್ಳುವ ವ್ಯವಹಾರವನ್ನು ತಳ್ಳಿಹಾಕದೆ ಅದರ ಮೇಲೆಯೇ ಕಟ್ಟಿಕೊಳ್ಳುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಇನ್ಸೆಂಟಿವ್ ನಿಯಮ ಬದಲಾಗದಿದ್ದರೆ ಶರಿಯಾ ವಿಭಾಗದವರ ಆ ಪಾಠ ನಮ್ಮ ತಲೆಗೆ ಹತ್ತುತ್ತಿರಲಿಲ್ಲವೇನೋ.

ಯುಎಇ ಕಾನೂನಿನಂತೆ ರಂಜಾನ್ ತಿಂಗಳಲ್ಲಿ ಕೆಲಸದ ಅವಧಿ ದಿನಕ್ಕೆ 2 ಗಂಟೆ ಕಡಿಮೆ. ಉಪವಾಸ ಮಾಡದವರಿಗೂ ಅದು ಅನ್ವಯಿಸುತ್ತದೆ. ಮೊದಲನೆಯ ಮ್ಯಾನೇಜರ್ ‘ನಿಮಗೇನು ಉಪವಾಸವೇ’ ಎಂದು ಮುಸ್ಲಿಮರಲ್ಲದ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ಎರಡನೆಯವರು ಎಲ್ಲರನ್ನೂ ಒಂದೇ ಹೊತ್ತಿಗೆ ಮನೆಗೆ ಕಳಿಸುತ್ತಿದ್ದರು.