ಹೆಂಡತಿಗೆ ಮಿಷನ್ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಮಗನನ್ನೂ ಅಲ್ಲೇ ಸೇರಿಸಬಹುದಾ?

ನಿಮ್ಮದು ಒಂದು ಪ್ರಶ್ನೆ ಅಲ್ಲ, ಮೂರು. ಹೆಂಡತಿಗೆ ಕ್ರೈಸ್ತ ಮಿಷನ್ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿದೆ, ನೀವು ಹಿಂದೂಗಳು, ಧರ್ಮದ ವಿಷಯಕ್ಕೆ ಒತ್ತಡ ಬರುತ್ತದಾ ಅಂತ ಕೇಳಿದ್ದೀರಿ. ಮನೆ ಕಡೆ ಸಮಯ ಸಿಗುತ್ತದಾ ಅಂತ ಕೇಳಿದ್ದೀರಿ. ಎಂಟನೇ ತರಗತಿಗೆ ಬರುವ ಮಗನನ್ನೂ ಅಲ್ಲೇ ಹಾಕಿದರೆ ಹೇಗೆ ಅಂತಲೂ ಕೇಳಿದ್ದೀರಿ. ನಿಮಗೆ ಮೊದಲನೆಯದರ ಚಿಂತೆ ಜಾಸ್ತಿ ಇದ್ದಂತಿದೆ. ನನ್ನ ಅನುಭವದಲ್ಲಿ ಕಷ್ಟ ಕೊಟ್ಟದ್ದು ಮೂರನೆಯದು.

ನಾನು ಧಾರವಾಡದ ಕಡೆಯವಳು. ಅನುದಾನಿತ ಮಿಷನ್ ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಶುರು ಮಾಡಿ ಹತ್ತೊಂಬತ್ತು ವರ್ಷ ಆಯಿತು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಸ್ವಿಟ್ಜರ್ಲೆಂಡಿನ ಆ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷದಲ್ಲಿ ಧಾರವಾಡಕ್ಕೂ ಬಂದರು. ನಮ್ಮಜ್ಜಿ ಕೂಡ ಮಿಷನ್ ಶಾಲೆಯಲ್ಲೇ ಕಲಿಸಿದವರು. ಆಗ ಓಣಿಯವರೆಲ್ಲ ಅವರನ್ನು ‘ಅಕ್ಕೋರು’ ಅನ್ನುತ್ತಿದ್ದರು. ಈಗ ನಾವು ‘ಮಿಸ್’ ಆಗಿದ್ದೇವೆ. ಅಕ್ಕೋರು ಅನ್ನಿಸಿಕೊಳ್ಳುವ ಆಸೆ ನನಗೆ ಇನ್ನೂ ಇದೆ, ಇರಲಿ.

ಧರ್ಮದ ಮಾತು ಮೊದಲು ಮುಗಿಸಿಬಿಡುತ್ತೇನೆ. ಬೆಳಿಗ್ಗೆ ಪ್ರಾರ್ಥನೆಗೆ ಒಂದು ಕ್ರೈಸ್ತ ಗೀತೆ, ಬೈಬಲ್ಲಿನ ನಾಲ್ಕು ಸಾಲು, ಆಮೇಲೆ ನಾಡಗೀತೆ, ರಾಷ್ಟ್ರಗೀತೆ. ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದೂಗಳೇ. ಗಣಿತದ ಸರ್ ದಿನಾಲೂ ವಿಭೂತಿ ಹಚ್ಚಿಕೊಂಡೇ ಬರುತ್ತಾರೆ, ಯಾರೂ ಏನೂ ಅಂದಿಲ್ಲ. ಸರ್ಕಾರದ ದುಡ್ಡು ಪಡೆಯುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲೇ ಇದು ಇದೆ. ಮಗುವಿನ ವಿಷಯಕ್ಕಾದರೆ ತಂದೆತಾಯಿಯ ಒಪ್ಪಿಗೆ ಬೇಕು. ದಾಸರ ಪದ ಪಾಠ ಮಾಡುವಾಗ ನಾನು ಮಕ್ಕಳಿಗೆ ಹರ್ಮನ್ ಮೋಗ್ಲಿಂಗ್ ಹೆಸರು ಹೇಳುತ್ತೇನೆ. ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ ಈ ಬಾಸೆಲ್ ಮಿಷನ್ ಪಾದ್ರಿಯೇ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದು. ಮಕ್ಕಳು ನಂಬುವುದಿಲ್ಲ. ಆದರೆ ಎಲ್ಲ ಆಡಳಿತ ಮಂಡಳಿಗಳೂ ಒಂದೇ ತರ ಇರುತ್ತವೆ ಅಂತ ನಾನು ಹೇಳಲಾರೆ. ಸೇರುವ ಮುಂಚೆ ಅಲ್ಲಿ ಕೆಲಸ ಮಾಡುವ ಇಬ್ಬರು ಹಿಂದೂ ಶಿಕ್ಷಕರನ್ನು ಹೊರಗೆ ಎಲ್ಲಾದರೂ ಭೇಟಿಯಾಗಿ, ಚಹಾ ಕುಡಿಸಿ ಕೇಳಿ. ಖರೇ ಗೊತ್ತಾಗುತ್ತದೆ.

ಅದಕ್ಕಿಂತ ಮುಖ್ಯವಾಗಿ ನೀವು ಕೇಳಬೇಕಾದದ್ದು ಬೇರೆ ಇದೆ. ಆ ಹುದ್ದೆ ಅನುದಾನಕ್ಕೆ ಒಳಪಟ್ಟದ್ದೋ, ಅಂದರೆ ಸಂಬಳ ಸರ್ಕಾರದಿಂದ ಬರುವುದೋ, ಆಡಳಿತ ಮಂಡಳಿಯೇ ಕೊಡುವುದೋ? ನಾನು ಸೇರಿದ ಮೇಲೆ ಇಲಾಖೆಯ ಅನುಮೋದನೆ ಬರಲು ಏಳು ವರ್ಷ ಬೇಕಾಯಿತು. ಅಲ್ಲಿಯವರೆಗೆ ಮಂಡಳಿ ಕೊಟ್ಟಷ್ಟು. ನಮ್ಮ ಮನೆಯವರು ಬಸ್ ಕಂಡಕ್ಟರ್, ಅವರ ಪಗಾರದಲ್ಲೇ ಮನೆ ನಡೆಯಿತು. ಅನುದಾನಿತ ಹುದ್ದೆಯಾದರೂ 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಕನ್ನಡ ಮಾಧ್ಯಮ ಆದರೆ ಇನ್ನೊಂದು ಕೆಲಸವೂ ಉಂಟು. ಮೇ ತಿಂಗಳ ಬಿಸಿಲಲ್ಲಿ ಮನೆ ಮನೆಗೆ ಹೋಗಿ ‘ಮಕ್ಕಳನ್ನ ನಮ್ಮ ಸಾಲಿಗೆ ಕಳಸ್ರಿ’ ಅಂತ ಕೇಳಬೇಕು. ಮಕ್ಕಳು ಕಡಿಮೆಯಾದರೆ ಹುದ್ದೆಯೇ ಅಲ್ಲಾಡುತ್ತದೆ.

ದಿನಚರಿ ಉಳಿದ ಶಾಲೆಗಳ ಹಾಗೇ. ಐದಕ್ಕೆ ಎದ್ದು ರೊಟ್ಟಿ, ಪಲ್ಯ. ನಳ ಬರುವ ದಿನ ನಾಲ್ಕಕ್ಕೇ ಏಳಬೇಕು. ಶಾಲೆಯಲ್ಲಿ ಪಾಠಕ್ಕಿಂತ ಮುಂಚೆ ಹಾಲು, ಮಧ್ಯಾಹ್ನ ಬಿಸಿಯೂಟ. ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅಂತ ಬರೆದಿಡಬೇಕು. ಕಂಪ್ಯೂಟರಿಗೆ ಮಾಹಿತಿ ತುಂಬುವುದಂತೂ ಮುಗಿಯುವುದೇ ಇಲ್ಲ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ. ಹೀಗಾಗಿ ಬೇಸಿಗೆ ರಜೆ ಹೆಸರಿಗೆ ಮಾತ್ರ.

ರಜೆಯ ಮಾತು ಬಂತು. ಮಿಷನ್ ಶಾಲೆಗಳು ಕ್ರಿಸ್‌ಮಸ್‌ಗೆ ರಜೆ ಬೇಕೆಂದರೆ ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಳ್ಳಬೇಕು. ನಿಮ್ಮ ಅಕ್ಕತಂಗಿಯರ ಮಕ್ಕಳು ರಜೆಯಲ್ಲಿ ಇರುವಾಗ ನಿಮ್ಮ ಹೆಂಡತಿ ಶಾಲೆಯಲ್ಲಿ ಇರಬಹುದು. ಇದನ್ನು ನಿಮ್ಮ ತಾಯಿಗೆ ಈಗಲೇ ಹೇಳಿಡಿ. ನನ್ನಂಥ ಕ್ರೈಸ್ತ ಶಿಕ್ಷಕಿಗೆ ಭಾನುವಾರವೂ ಪೂರ್ತಿ ಸಿಗುವುದಿಲ್ಲ. ‘ಟೀಚರ್ ಇದ್ದೀರಲ್ಲ, ಸಂಡೇ ಸ್ಕೂಲ್ ನೋಡಿಕೊಳ್ಳಿ’ ಅನ್ನುತ್ತಾರೆ. ಅದರಿಂದ ನಿಮ್ಮವರು ಬಚಾವ್.

ಇನ್ನು ಮಗನ ವಿಷಯ. ನನ್ನ ಮಗಳು ಎಂಟರಿಂದ ಹತ್ತರವರೆಗೆ ನನ್ನ ಶಾಲೆಯಲ್ಲೇ ಓದಿದಳು. ಮೊದಲ ದಿನವೇ ಹೇಳಿಬಿಟ್ಟೆ, ಗೇಟಿನ ಒಳಗೆ ಮಮ್ಮಿ ಅನ್ನಬಾರದು, ಮಿಸ್ ಅನ್ನಬೇಕು ಅಂತ. ಪಾಪ, ಅನ್ನುತ್ತಿದ್ದಳು. ಜ್ವರ ಬಂದ ದಿನವೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಮೇ ಐ ಕಮಿನ್ ಮಿಸ್’ ಅಂದಳು. ನಾನು ತಲೆ ಎತ್ತದೆ ‘ಹಾಂ ಬಾ’ ಅಂದೆ. ಯಾರು ಅಂತ ನೋಡಿದ್ದು ಆಮೇಲೆ.

ಒಂಬತ್ತನೇ ತರಗತಿಯಲ್ಲಿ ಹತ್ತು ಅಂಕದ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಗೆಳತಿಗೆ ಒಂಬತ್ತು, ಇವಳಿಗೆ ಎಂಟು. ಇಬ್ಬರೂ ಬರೆದದ್ದು ಹೆಚ್ಚುಕಡಿಮೆ ಒಂದೇ. ಮನೆಗೆ ಬಂದು ಎರಡೂ ಹಾಳೆ ನನ್ನ ಮುಂದೆ ಇಟ್ಟಳು, ಮಾತಾಡಲಿಲ್ಲ. ನೋಡಿದೆ. ಅವಳ ಕಡೆ ತಪ್ಪೇ ಇರಲಿಲ್ಲ. ‘ಮಗಳಿಗೆ ಜಾಸ್ತಿ ಕೊಟ್ಟಳು’ ಅಂತ ಯಾರಾದರೂ ಅಂದಾರು ಅನ್ನುವ ಹೆದರಿಕೆಗೆ ನಾನೇ ಒಂದು ಅಂಕ ಕಡಿದಿದ್ದೆ. ನಮ್ಮತ್ತೆ ಒಳಗಿಂದಲೇ ಕೇಳಿದರು, ‘ನಿನ್ನ ಪ್ರಾಮಾಣಿಕತನ ತೋರಸಾಕ ನನ್ನ ಮೊಮ್ಮಗಳ ಮಾರ್ಕ್ಸೇ ಬೇಕಿತ್ತೇನ?’

ಮರುದಿನ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಅವಳ ಹಾಳೆಗಳನ್ನು ಇನ್ನುಮುಂದೆ ಇನ್ನೊಬ್ಬ ಕನ್ನಡ ಶಿಕ್ಷಕರು ನೋಡಲಿ ಅಂದೆ. ಅವರು ಒಪ್ಪಿದರು. ಇದನ್ನು ಮೊದಲ ವರ್ಷವೇ ಮಾಡಬೇಕಿತ್ತು.

ಹಾಗಂತ ಸೇರಿಸಬೇಡಿ ಅನ್ನುತ್ತಿಲ್ಲ. ಒಂದೇ ಬಸ್ಸು, ಒಂದೇ ಹೊತ್ತು, ಫೀಸಿನಲ್ಲೂ ಉಳಿತಾಯ. ಆದರೆ ತಾಯಿ ಪಾಠ ಮಾಡುವ ಸೆಕ್ಷನ್ ಬೇಡ. ಒಂದೇ ಸೆಕ್ಷನ್ ಇದ್ದರೆ ಅವನ ಉತ್ತರಪತ್ರಿಕೆ ಬೇರೆಯವರು ನೋಡುವ ಹಾಗೆ ಜೂನ್‌ನಲ್ಲೇ ಮಾತಾಡಿಕೊಳ್ಳಿ. ಮತ್ತೆ, ಸ್ಟಾಫ್ ರೂಮಿನಲ್ಲಿ ಅವನ ದೂರು ಯಾರೇ ಹೇಳಿದರೂ ಅದು ಬಸ್ಸಿನಲ್ಲಿ ಬೇಡ, ಊಟದ ಹೊತ್ತಿಗೂ ಬೇಡ. ನನ್ನ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ, ಬೇರೆ ಕಾಲೇಜು. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ ಈಗಲೂ ‘ಆಯ್ತು ಮಿಸ್’ ಅನ್ನುತ್ತಾಳೆ.