ಬಂದೂಕು ಕೆಳಗಿಟ್ಟ ಮೇಲಿನ ಅರವತ್ತೈದು ವರ್ಷ

ಪತ್ರ: ಪ್ರೇಮ್ ಮತ್ತು ಲಕ್ಷ್ಮಿ ಸೆಹಗಲ್ ದಂಪತಿ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದ್ದೀರಿ, ಸಂತೋಷ. ಆದರೆ ಬರ್ಮಾದ ಪೋಪಾ ಬೆಟ್ಟದಲ್ಲಿ ಕಾದಾಡಿದ, ಕೆಂಪುಕೋಟೆಯ ಕಟಕಟೆಯಲ್ಲಿ ನಿಂತ ಗಂಡನಿಗೆ ಅರ್ಧ ಪುಟ. ಹೆಂಡತಿಯ ಕಾನ್ಪುರದ ದವಾಖಾನೆಗೆ ಎರಡು ಪುಟಕ್ಕೂ ಜಾಸ್ತಿ. ಸಿಪಾಯಿಯ ಕಥೆ ಅಂದರೆ ಯುದ್ಧ. ಆಮೇಲಿನದು ಸಂಸಾರ, ಅದು ಎಲ್ಲರಿಗೂ ಇದ್ದದ್ದೇ. – ಒಬ್ಬ ನಿವೃತ್ತ ಸುಬೇದಾರ್

ಸುಬೇದಾರ್ ಸಾಹೇಬರೇ, ನಮಸ್ಕಾರ. ಬೈದರೂ ಅಚ್ಚುಕಟ್ಟಾಗಿ ಬೈದಿದ್ದೀರಿ. ಇಂಥ ಓದುಗರಿದ್ದರೆ ಪತ್ರಿಕೆ ನಡೆಸುವವರಿಗೂ ಮೈಯೆಲ್ಲ ಎಚ್ಚರ ಇರುತ್ತದೆ.

ಪ್ರೇಮ್ ಅವರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಬಲೂಚ್ ರೆಜಿಮೆಂಟಿನ ಅಧಿಕಾರಿ. 1942ರಲ್ಲಿ ಸಿಂಗಪುರ ಜಪಾನಿನ ಕೈಗೆ ಬಿದ್ದಾಗ ಸೆರೆಸಿಕ್ಕರು, ಆಮೇಲೆ ಬ್ರಿಟಿಷರ ವಿರುದ್ಧ ಹೋರಾಡಿದ ಆಜಾದ್ ಹಿಂದ್ ಫೌಜ್, ಅಂದರೆ ಐಎನ್‌ಎ ಸೇರಿದರು, ನೇತಾಜಿಯ ಮಿಲಿಟರಿ ಸೆಕ್ರೆಟರಿಯಾದರು. 1945ರ ಏಪ್ರಿಲ್‌ನಲ್ಲಿ ಬರ್ಮಾದಲ್ಲಿ ದಾರಿಯೆಲ್ಲ ಮುಚ್ಚಿಹೋದಾಗ, ಶರಣಾದರೆ ಯುದ್ಧಕೈದಿಗಳಾಗಿಯೇ ಶರಣಾಗುತ್ತೇವೆ ಎಂದು ಚೀಟಿ ಬರೆದು ಬ್ರಿಟಿಷರ ಕಡೆಗೆ ಕಳಿಸಿದರು. ಮುಂದೆ ಕೆಂಪುಕೋಟೆಯ ವಿಚಾರಣೆಯಲ್ಲಿ ಆ ಚೀಟಿಯೂ ವಾದದ ವಸ್ತುವಾಯಿತು. ಅಲ್ಲಿ ಒಟ್ಟಿಗೆ ಕಟಕಟೆ ಹತ್ತಿದ ಐಎನ್‌ಎ ಅಧಿಕಾರಿಗಳು ಶಾನವಾಜ್ ಖಾನ್, ಧಿಲ್ಲೋನ್, ಸೆಹಗಲ್, ಮೂವರಿಗೂ ಜೀವಾವಧಿ ಗಡೀಪಾರು. ದೇಶ ಹೊತ್ತಿ ಉರಿಯುವುದನ್ನು ನೋಡಿ 1946ರ ಜನವರಿ ಮೊದಲ ವಾರದಲ್ಲೇ ಸೇನಾ ಮುಖ್ಯಸ್ಥ ಆಕಿನ್‌ಲೆಕ್ ಆ ಗಡೀಪಾರನ್ನು ರದ್ದು ಮಾಡಿದ. ಇದಕ್ಕೆ ಅರ್ಧ ಪುಟ ಸಾಲದು ಎಂದರೆ ಒಪ್ಪೋಣ.

ಆದರೆ 'ಆಮೇಲಿನದು ಸಂಸಾರ' ಅಂದಿರಲ್ಲ, ಅಲ್ಲಿ ನಾನು ನಿಮ್ಮನ್ನು ಬಿಡುವುದಿಲ್ಲ.

ಲಕ್ಷ್ಮಿ ಮದ್ರಾಸಿನಲ್ಲಿ ಓದಿದ ಡಾಕ್ಟರು. 1940ರಲ್ಲಿ ಸಿಂಗಪುರಕ್ಕೆ ಹೋಗಿ ಬಡ ಕೂಲಿಕಾರರಿಗೆ ದವಾಖಾನೆ ನಡೆಸುತ್ತಿದ್ದರು. 1943ರ ಜುಲೈನಲ್ಲಿ ನೇತಾಜಿ ಹೆಂಗಸರ ಪಡೆಯ ಮಾತೆತ್ತಿದಾಗ ಇಪ್ಪತ್ತು ಮಂದಿ ಹೆಂಗಸರನ್ನು ಗುಡ್ಡೆಹಾಕಿ, ಸೀರೆಯುಟ್ಟೇ, ಎರವಲು ತಂದ 303 ರೈಫಲ್ ಕೈಗೆ ಕೊಟ್ಟು ಗೌರವವಂದನೆಗೆ ನಿಲ್ಲಿಸಿದರು. ಆ ರೈಫಲ್ ಸುಮಾರು ನಾಲ್ಕು ಕೆಜಿ ತೂಕ. ನಿಮಗೆ ಹೇಳಬೇಕೇ, ಹೊತ್ತ ಭುಜ ನಿಮ್ಮದು. ಅದೇ ಝಾನ್ಸಿ ರಾಣಿ ರೆಜಿಮೆಂಟ್ ಆಯಿತು. ಸೇರಿದವರಲ್ಲಿ ಮಲಯಾದ ರಬ್ಬರ್ ತೋಟಗಳ ತಮಿಳು ಕೂಲಿಕಾರರ ಹೆಣ್ಣುಮಕ್ಕಳೇ ಜಾಸ್ತಿ. ಭಾರತವನ್ನು ಕಣ್ಣಿಂದ ನೋಡಿರದ ಎಷ್ಟೋ ಹುಡುಗಿಯರು ಅದಕ್ಕಾಗಿ ಸಾಯಲು ಹೆಸರು ಬರೆಸಿದ್ದರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು, ಹೇಳಿ?

1947ರ ಮಾರ್ಚ್‌ನಲ್ಲಿ ಇವರಿಬ್ಬರ ಮದುವೆ ಲಾಹೋರಿನಲ್ಲಿ ಆಯಿತು. ಕೆಲವೇ ತಿಂಗಳಲ್ಲಿ ಲಾಹೋರೇ ಬೇರೆ ದೇಶಕ್ಕೆ ಹೋಯಿತು. ಕಾನ್ಪುರದಲ್ಲಿ ಪ್ರೇಮ್ ಜವಳಿ ಗಿರಣಿಯ ಕೆಲಸ ಹಿಡಿದರು. ಯಾಕೆ ಗಿರಣಿ? ಸ್ವತಂತ್ರ ಭಾರತದ ಸೇನೆ ಐಎನ್‌ಎಯವರನ್ನು ವಾಪಸ್ ಸೇರಿಸಿಕೊಳ್ಳಲಿಲ್ಲ. ಜೈಕಾರ ಹಾಕಿದ ದೇಶವೇ ಸಮವಸ್ತ್ರ ಕೊಡಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರ ಕೇಂದ್ರ ಪಿಂಚಣಿ ಯೋಜನೆ ಬಂದದ್ದು 1972ರಲ್ಲಿ, ಇಪ್ಪತ್ತೈದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟು ಜನ ಕಣ್ಣು ಮುಚ್ಚಿರಬೇಡ!

ಲಕ್ಷ್ಮಿ ಮಾತ್ರ ತಮ್ಮ ಹಳೆಯ ಕೆಲಸವನ್ನೇ ಹಿಡಿದರು. ಗಡಿ ದಾಟಿ ಬಂದ ನಿರಾಶ್ರಿತರು, ಹೆರಿಗೆಗೆ ದುಡ್ಡಿಲ್ಲದ ಬಡ ಹೆಂಗಸರು, ಎಲ್ಲರೂ ಇವರ ಬಳಿಗೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಗಡಿಯ ಬೋಂಗಾಂವ್ ಶಿಬಿರದಲ್ಲಿ ದುಡಿದರು. 1984ರಲ್ಲಿ ಸಿಖ್ಖರ ಮೇಲೆ ದಾಳಿ ನಡೆದಾಗ ಎಪ್ಪತ್ತರ ಈ ಅಜ್ಜಿ ಬೀದಿಗಿಳಿದು ಗುಂಪಿಗೆ ಅಡ್ಡ ನಿಂತರು, ದವಾಖಾನೆಯ ಆಸುಪಾಸಿನ ಸಿಖ್ಖರ ಮೈಗೆ, ಅಂಗಡಿಗೆ ಕೈ ಹಾಕಲು ಬಿಡಲಿಲ್ಲ. ಪೋಪಾ ಬೆಟ್ಟದಲ್ಲಾದರೂ ಎದುರಿಗಿದ್ದವನು ಶತ್ರು ಅಂತ ಗೊತ್ತಿತ್ತು. ಇಲ್ಲಿ ಎದುರಿಗಿದ್ದವರು ಅದೇ ಊರಿನವರು, ಕೈಯಲ್ಲಿ ರೈಫಲ್ಲೂ ಇಲ್ಲ. ಇದನ್ನು ಸಂಸಾರ ಅನ್ನುತ್ತೀರಾ, ಸಾಹೇಬರೇ? ಅದೇ ವರ್ಷದ ಕೊನೆಗೆ ಭೋಪಾಲದ ಅನಿಲ ದುರಂತವಾದಾಗ ವೈದ್ಯರ ತಂಡ ಕಟ್ಟಿಕೊಂಡು ಅಲ್ಲಿಗೂ ಹೋದರು.

ನಮ್ಮ ಬೆಂಗಳೂರಿಗೂ ಬಂದಿದ್ದರು. 1996ರ ವಿಶ್ವಸುಂದರಿ ಸ್ಪರ್ಧೆಯ ವಿರುದ್ಧದ ಚಳವಳಿಯಲ್ಲಿ ಬಂಧನಕ್ಕೊಳಗಾದರು. ಆಗ ವಯಸ್ಸು ಎಂಬತ್ತೆರಡು. ಅವರ ಎಡಪಕ್ಷ ನಿಮಗೆ ಹಿಡಿಸದಿರಬಹುದು, ನನಗೂ ಎಲ್ಲ ಹಿಡಿಸಿಲ್ಲ. 2002ರಲ್ಲಿ ಸೋಲು ಖಚಿತ ಅಂತ ಗೊತ್ತಿದ್ದೇ ಕಲಾಂ ಅವರ ಎದುರು ರಾಷ್ಟ್ರಪತಿ ಚುನಾವಣೆಗೆ ನಿಂತು, ಸೋತು, ಮತ್ತೆ ಕಾನ್ಪುರದ ರೋಗಿಗಳ ಬಳಿಗೇ ಹೋದರು. ತೊಂಬತ್ತು ದಾಟಿದ ಮೇಲೂ ಸ್ಟೆತಸ್ಕೋಪ್ ಬಿಡಲಿಲ್ಲ. 2012ರ ಜುಲೈನಲ್ಲಿ ತೀರಿಕೊಂಡಾಗ ದೇಹ ಅಲ್ಲಿನ ಮೆಡಿಕಲ್ ಕಾಲೇಜಿಗೆ ಹೋಯಿತು.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ಆಗಸ್ಟ್ ಬಂತೆಂದರೆ ನಮ್ಮ ಕಚೇರಿಗೆ ಬರುವ ಲೇಖನಗಳೆಲ್ಲ 1947ಕ್ಕೆ ಬಂದು ಗಕ್ಕನೆ ನಿಲ್ಲುತ್ತವೆ. ನಾಯಕರೆಲ್ಲ ಅಂದೇ ಕ್ಯಾಲೆಂಡರಿಗೆ ಅಂಟಿಕೊಂಡರು ಅನ್ನುವ ಹಾಗೆ. ಪ್ರತಿಮೆಗೆ ದುಡ್ಡಿದೆ, ಬದುಕಿ ಉಳಿದವರಿಗೆ ಇರಲಿಲ್ಲ. ಝಾನ್ಸಿ ರಾಣಿ ರೆಜಿಮೆಂಟ್ ಕಟ್ಟಿದ್ದು 1943ರಲ್ಲಿ. ಡಾಕ್ಟರು, ನರ್ಸುಗಳನ್ನು ಬಿಟ್ಟರೆ ನಮ್ಮ ಸೇನೆ ಹೆಂಗಸರಿಗೆ ಅಧಿಕಾರಿಗಳಾಗಲು ಬಾಗಿಲು ತೆಗೆದದ್ದು 1992ರಲ್ಲಿ. ಪರ್ಮನೆಂಟ್ ಕಮಿಷನ್‌ಗೆ, ಅಂದರೆ ನಿವೃತ್ತಿಯವರೆಗಿನ ಕಾಯಂ ಹುದ್ದೆಗೆ, 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಭಾಷಣದಲ್ಲಿ ಮಾತ್ರ ವೀರನಾರಿಯರಿಗೆ ಬರವಿಲ್ಲ.

ಕೊನೆಗೊಂದು ಮಾತು. ಎರಡು ಹಾಳೆಯ ನಿಮ್ಮ ಪತ್ರದಲ್ಲಿ ನಿಮ್ಮ ಪಲ್ಟನ್ನಿನ ಕಥೆ ತುಂಬಿದೆ. ಪಿಂಚಣಿ ಬಂದ ಮೇಲೆ ನೀವೇನು ಮಾಡಿದಿರಿ, ಮನೆಯವರು ನಿಮ್ಮ ಗೈರಿನಲ್ಲಿ ಹೇಗೆ ನಡೆಸಿದರು, ಒಂದು ಸಾಲೂ ಇಲ್ಲ. ಅದನ್ನು ಬರೆದು ಕಳಿಸಿ. ಅಮ್ಮನವರ ಕೈಯಿಂದಲೂ ನಾಲ್ಕು ಸಾಲು ಬರೆಸಿ. ಎರಡು ಪುಟ ಖಾಲಿ ಇಟ್ಟುಕೊಂಡಿರುತ್ತೇನೆ.

– ಸಂಪಾದಕ