ಟೆನ್ಷನ್ ಆದಾಗಲೆಲ್ಲ ಉಬ್ಬಸ ಕೆರಳುತ್ತದೆ, ಇದು ಆಸ್ತಮಾನಾ, ಬರೀ ಹೆದರಿಕೆನಾ?

ಕೆಲಸದ ಒತ್ತಡ ಜಾಸ್ತಿ ಆದ ದಿನಗಳಲ್ಲಿ ಎದೆ ಬಿಗಿಯುತ್ತದೆ, ಇನ್ಹೇಲರ್ ತೆಗೆದುಕೊಂಡರೆ ಎದೆ ಡವಡವ ಅನ್ನುತ್ತದೆ, ಅದರಿಂದ ಭಯ ಇನ್ನೂ ಏರುತ್ತದೆ, ಮನೆಯವರು ಮಾತ್ರ "ಎಲ್ಲ ಮನಸ್ಸಿನದ್ದು, ಧೈರ್ಯ ತಂದುಕೋ" ಅನ್ನುತ್ತಾರೆ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ನನಗೂ ಚಿಕ್ಕಂದಿನಿಂದ ಆಸ್ತಮಾ ಇದೆ, ಆತಂಕವೂ ಇದೆ. ನಾನು ಡಾಕ್ಟರ್ ಅಲ್ಲ. ಎರಡನ್ನೂ ಒಟ್ಟಿಗೆ ಸಂಭಾಳಿಸುತ್ತಾ ಬಂದವನಾಗಿ, ಕೇಳಿ ಓದಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಆ "ಮನಸ್ಸಿನದ್ದು" ಅನ್ನುವ ಮಾತು. ಹೆದರಿಕೆ ಹುಟ್ಟುವುದು ಮನಸ್ಸಿನಲ್ಲೇ ಇರಬಹುದು, ಆದರೆ ಬಿಗಿಯುವುದು ಶ್ವಾಸನಾಳ. 1968ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ಮಂದಿ ಆಸ್ತಮಾ ರೋಗಿಗಳಿಗೆ ಬರೀ ಉಪ್ಪುನೀರಿನ ಹಬೆ ಕೊಟ್ಟು, ನಿಮಗೆ ಆಗದ ವಸ್ತು ಇದರಲ್ಲಿದೆ ಅಂತ ಹೇಳಿದರು. 19 ಮಂದಿಯ ಶ್ವಾಸನಾಳ ನಿಜವಾಗಿಯೂ ಕಿರಿದಾಯಿತು. ಇದನ್ನು ಉಪಕರಣದಲ್ಲಿ ಅಳೆದು ನೋಡಿದ್ದರು. ಅವರಲ್ಲಿ 12 ಮಂದಿಗೆ ಪೂರ್ತಿ ಉಬ್ಬಸವೇ ಬಂತು. ಅವರಿಗೆ ಅದೇ ಉಪ್ಪುನೀರನ್ನು ಔಷಧ ಅಂತ ಹೇಳಿ ಕೊಟ್ಟಾಗ ಇಳಿಯಿತು. ಮಿದುಳಿನಿಂದ ಶ್ವಾಸಕೋಶಕ್ಕೆ ಹೋಗುವ ವೇಗಸ್ ನರ ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಬಿಗಿಯಬಲ್ಲದು. ಜೊತೆಗೆ ಗಾಬರಿಯಲ್ಲಿ ನಾವು ಬಾಯಿಂದ ಬೇಗ ಬೇಗ ಉಸಿರಾಡುತ್ತೇವೆ. ಒಣ ಗಾಳಿ, ತಣ್ಣನೆಯ ಗಾಳಿ ನೇರ ಒಳಗೆ ಹೋಗಿ ಕೆರಳಿಸುತ್ತದೆ. ಹಾಗಾಗಿ ನೀವು ನಾಟಕ ಮಾಡುತ್ತಿಲ್ಲ, ನಿಮ್ಮ ಧೈರ್ಯವೂ ಕಮ್ಮಿ ಇಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2011ರಲ್ಲಿ ಇನ್ನೊಂದು ಅಧ್ಯಯನ ಬಂತು. ಆಸ್ತಮಾ ಇರುವವರಿಗೆ ಒಮ್ಮೆ ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಅನ್ನುವ ಔಷಧದ ಇನ್ಹೇಲರ್, ಒಮ್ಮೆ ಔಷಧವೇ ಇಲ್ಲದ ಇನ್ಹೇಲರ್ ಕೊಟ್ಟು ನೋಡಿದರು. ಎರಡರಲ್ಲೂ ಜನ ಹೆಚ್ಚೂಕಮ್ಮಿ ಒಂದೇ ರೀತಿ "ಆರಾಮಾಯಿತು" ಅಂದರು. ಆದರೆ ಒಂದು ಸೆಕೆಂಡಿನಲ್ಲಿ ಹೊರಗೆ ಊದುವ ಗಾಳಿ ಸಾಲ್ಬುಟಮಾಲ್‌ನಿಂದ ಸುಮಾರು ಶೇ. 20ರಷ್ಟು ಹೆಚ್ಚಿತ್ತು, ಖಾಲಿ ಇನ್ಹೇಲರ್‌ನಿಂದ ಶೇ. 7ರಷ್ಟು ಮಾತ್ರ. ಅಂದರೆ ಆರಾಮ ಅನ್ನಿಸಿದ ಮಾತ್ರಕ್ಕೆ ದಾರಿ ತೆರೆದಿದೆ ಅಂತ ಅಲ್ಲ. ಕಣ್ಣು ಮುಚ್ಚಿ ಕೂತು ಮನಸ್ಸು ಶಾಂತವಾಗಿಯೂ ಒಳಗೆ ಬಿಗಿತ ಹಾಗೇ ಉಳಿದಿರಬಹುದು. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಆಸ್ತಮಾನಾ, ಹೆದರಿಕೆನಾ ಅಂತ ಅನ್ನಿಸಿಕೆಯ ಮೇಲೆ ತೀರ್ಮಾನ ಮಾಡಬೇಡಿ. ಅಳೆದು ನೋಡಿ.

ಅಳೆಯುವುದಕ್ಕೆ ಪೀಕ್ ಫ್ಲೋ ಮೀಟರ್ ಅಂತ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಇದೆ. ನಿಂತುಕೊಂಡು, ಉಸಿರು ಪೂರ್ತಿ ತುಂಬಿಕೊಂಡು, ಕೊಳವೆಯ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ, ಅತಿ ಹೆಚ್ಚು ಬಂದದ್ದನ್ನು ಬರೆದಿಡಿ. ಚೆನ್ನಾಗಿದ್ದಾಗ ಎರಡು ವಾರ ಹೀಗೆ ಮಾಡಿದರೆ ನಿಮ್ಮ ಅತ್ಯುತ್ತಮ ಸಂಖ್ಯೆ ಯಾವುದು ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದರ ಶೇ. 80ಕ್ಕಿಂತ ಮೇಲಿದ್ದರೆ ತೊಂದರೆ ಇಲ್ಲ ಅನ್ನುತ್ತಾರೆ. 50ರಿಂದ 80ರ ನಡುವೆ ಇದ್ದರೆ ಎಚ್ಚರ. 50ಕ್ಕಿಂತ ಕೆಳಗೆ ಹೋದರೆ ಇನ್ಹೇಲರ್ ತೆಗೆದುಕೊಂಡು ಕೂಡಲೇ ವೈದ್ಯರ ನೆರವು ಪಡೆಯಬೇಕು. ಗಾಬರಿಯಾದಾಗ ಒಂದು ಸಂಖ್ಯೆ ಕೈಯಲ್ಲಿದ್ದರೆ ಮನಸ್ಸಿಗೆ ಹಿಡಿದುಕೊಳ್ಳಲು ಏನೋ ಸಿಕ್ಕಂತಾಗುತ್ತದೆ. ನನ್ನ ಮಟ್ಟಿಗೆ ಯಾವ ಸಮಾಧಾನದ ಮಾತಿಗಿಂತಲೂ ಅದು ಹೆಚ್ಚು ಕೆಲಸ ಮಾಡಿದೆ.

ಮೀಟರ್ ಹತ್ತಿರ ಇಲ್ಲದಿದ್ದರೆ ಕೆಲವು ಸುಳಿವು ಇವೆ. ಉಸಿರು ಬಿಡುವಾಗ ಸುಯ್ಯೆನ್ನುವ ಶಬ್ದ, ಕೆಮ್ಮು, ಕಫ ಇದ್ದರೆ ಹೆಚ್ಚಾಗಿ ಆಸ್ತಮಾ. ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅನ್ನುವುದು, ತಲೆ ಹಗುರಾಗುವುದು, ಪದೇ ಪದೇ ದೊಡ್ಡ ಉಸಿರು ಎಳೆಯಬೇಕು ಅನ್ನಿಸುವುದು ಗಾಬರಿಯ ಕಡೆಗೆ ಬೆರಳು ಮಾಡುತ್ತವೆ. ಅತಿಯಾಗಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾದಾಗ ಹಾಗಾಗುತ್ತದೆ. ಆದರೆ ಎರಡೂ ಒಟ್ಟಿಗೆ ಬರುವುದೇ ಜಾಸ್ತಿ ಅಲ್ವಾ? ಹಾಗಾಗಿ ಅನುಮಾನ ಇದ್ದರೆ ಆಸ್ತಮಾ ಅಂತಲೇ ತಿಳಿದು ಡಾಕ್ಟರ್ ಹೇಳಿದಷ್ಟು ಇನ್ಹೇಲರ್ ತೆಗೆದುಕೊಳ್ಳಿ. ಅದು ಬರೀ ಗಾಬರಿ ಆಗಿದ್ದರೆ ಒಂದೆರಡು ಪಫ್‌ನಿಂದ ಸ್ವಲ್ಪ ಕೈ ನಡುಗಬಹುದು, ಅಷ್ಟೇ. ಆಸ್ತಮಾ ಆಗಿದ್ದು ಸುಮ್ನೆ ಕೂತರೆ ಅಪಾಯ.

ಇನ್ಹೇಲರ್ ತೆಗೆದುಕೊಂಡ ಮೇಲೆ ಎದೆ ಹೊಡೆದುಕೊಳ್ಳುವುದು ಸಾಲ್ಬುಟಮಾಲ್‌ನ ಗೊತ್ತಿರುವ ಅಡ್ಡಪರಿಣಾಮ. ಶ್ವಾಸನಾಳ ಸಡಿಲಿಸುವ ಔಷಧವೇ ಹೃದಯವನ್ನೂ ಸ್ವಲ್ಪ ಓಡಿಸುತ್ತದೆ. ಮಿದುಳು ಅದನ್ನು ಇನ್ನೊಂದು ಅಪಾಯ ಅಂತ ಓದಿಕೊಂಡು ಭಯ ಹೆಚ್ಚಿಸುತ್ತದೆ. "ಇದು ಔಷಧದ ಬಡಿತ, ಇಳಿಯುತ್ತದೆ" ಅಂತ ನಾನು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತೇನೆ. ತುಂಬಾ ಜಾಸ್ತಿ ಅನ್ನಿಸಿದರೆ ಡಾಕ್ಟರ್‌ಗೆ ತಿಳಿಸಿ. ಅದಕ್ಕೆ ಹೆದರಿ ಇನ್ಹೇಲರ್ ಬಿಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು. ನಿಮ್ಮ ಪ್ರಶ್ನೆಯಲ್ಲಿ ದಿನವೂ ತೆಗೆದುಕೊಳ್ಳುವ ಇನ್ಹೇಲರ್ ಬಗ್ಗೆ ಒಂದು ಮಾತೂ ಇಲ್ಲ. ಆಸ್ತಮಾದಲ್ಲಿ ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಗಾಯದ ಮೇಲೆ ಸಣ್ಣಗೆ ತಾಗಿದರೂ ಉರಿಯುವ ಹಾಗೆ, ಊದಿಕೊಂಡ ಶ್ವಾಸನಾಳಕ್ಕೆ ಸಣ್ಣ ಒತ್ತಡವೂ ಸಾಕು. ಆ ಊತ ಇಳಿಸುವುದು ಸ್ಟೀರಾಯ್ಡ್ ಇರುವ ಇನ್ಹೇಲರ್. ಸಾಲ್ಬುಟಮಾಲ್ ಸ್ನಾಯುವನ್ನು ಕೆಲವು ಗಂಟೆ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಅದಕ್ಕೇ ಗ್ಲೋಬಲ್ ಇನಿಷಿಯೇಟಿವ್ ಫಾರ್ ಆಸ್ತಮಾ ಎಂಬ ಸಂಸ್ಥೆ 2019ರಿಂದ, ದೊಡ್ಡವರು ಮತ್ತು ಹದಿಹರೆಯದವರು ಬರೀ ಸಾಲ್ಬುಟಮಾಲ್ ಥರದ ಇನ್ಹೇಲರ್ ಮೇಲೆ ಇರಬಾರದು ಅನ್ನುತ್ತಿದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅದು ಬೇಕಾಗುತ್ತಿದ್ದರೆ, ರಾತ್ರಿ ಉಬ್ಬಸದಿಂದ ಎಚ್ಚರವಾಗುತ್ತಿದ್ದರೆ, ಆಸ್ತಮಾ ಹತೋಟಿಯಲ್ಲಿಲ್ಲ ಅಂತ ಅರ್ಥ. ಆಗ ಟೆನ್ಷನ್ ಕಮ್ಮಿ ಮಾಡಿಕೊಳ್ಳುವ ಮೊದಲು ಔಷಧ ಸರಿಯಾಗಬೇಕು. ಸ್ಟೀರಾಯ್ಡ್ ಅನ್ನುವ ಹೆಸರಿಗೆ ಹೆದರುವವರು ಬಹಳ. ಇನ್ಹೇಲರ್‌ನಲ್ಲಿ ಹೋಗುವುದು ತೀರಾ ಕಡಿಮೆ ಪ್ರಮಾಣ, ಅದೂ ನೇರ ಶ್ವಾಸಕೋಶಕ್ಕೆ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಬರಬಹುದು. ಸ್ಪ್ರೇ ಥರದ ಇನ್ಹೇಲರ್ ಆದರೆ ಅದರ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಅನ್ನುವ ಕೊಳವೆ ಹಾಕಿಕೊಳ್ಳಿ. ಕೈ ನಡುಗುವಾಗ ಅದರಿಂದ ತುಂಬಾ ಸಹಾಯ.

ಉಸಿರಾಟದ ಅಭ್ಯಾಸಗಳು ಉಪಯೋಗಕ್ಕೆ ಬರುತ್ತವೆ, ನಾನೂ ಮಾಡುತ್ತೇನೆ. ಮೂಗಿನಿಂದ ನಿಧಾನವಾಗಿ ಎಳೆದು, ಸಿಳ್ಳೆ ಹಾಕುವಂತೆ ತುಟಿ ಕೂಡಿಸಿ ಅದಕ್ಕಿಂತ ನಿಧಾನವಾಗಿ ಬಿಡುವುದು. ಭುಜ ಮೇಲೇಳಬಾರದು, ಹೊಟ್ಟೆ ಅಲ್ಲಾಡಬೇಕು. ಚೆನ್ನಾಗಿರುವಾಗ ದಿನಾ ಮಾಡಿದ್ದರೆ ಮಾತ್ರ ಕಷ್ಟದಲ್ಲಿ ಕೈಗೆ ಸಿಗುತ್ತದೆ. ಇಂಥ ಅಭ್ಯಾಸದಿಂದ ತೊಂದರೆ ಕಮ್ಮಿ ಅನ್ನಿಸುತ್ತದೆ, ದಿನಚರಿ ಹಗುರಾಗುತ್ತದೆ. ಆದರೆ ಒಳಗಿನ ಊತ ಇದರಿಂದ ಹೋಗುವುದಿಲ್ಲ. ಇನ್ಹೇಲರ್ ಬಿಟ್ಟು ಇದನ್ನೇ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಾಗದದ ಚೀಲದೊಳಗೆ ಉಸಿರಾಡುವುದಂತೂ ಬೇಡವೇ ಬೇಡ, ಆಸ್ತಮಾ ಇದ್ದಾಗ ಅದು ಅಪಾಯಕಾರಿ.

ಆತಂಕಕ್ಕೆ ಬೇರೆ ಡಾಕ್ಟರ್ ಹತ್ತಿರ ಹೋದರೆ ಮೊದಲ ಮಾತಿಗೇ ಆಸ್ತಮಾ ಇದೆ ಅಂತ ಹೇಳಿ. ಎದೆಬಡಿತ, ಕೈ ನಡುಕಕ್ಕೆ ಪ್ರೊಪ್ರನೊಲಾಲ್ ಅನ್ನುವ ಮಾತ್ರೆ ಕೊಡುವುದುಂಟು. ಅದು ಶ್ವಾಸನಾಳವನ್ನು ಬಿಗಿದು ಜೀವಕ್ಕೇ ಕುತ್ತು ತರಬಹುದು. ಸ್ನೇಹಿತರು ಕೊಟ್ಟರೂ ನುಂಗಬೇಡಿ. ನಿದ್ದೆ ಬರಿಸುವ, ಮಂಪರು ತರಿಸುವ ಮಾತ್ರೆಗಳನ್ನೂ ಉಬ್ಬಸದ ನಡುವೆ ತೆಗೆದುಕೊಳ್ಳಬಾರದು. ಆಪ್ತಸಲಹೆ, ಅದರಲ್ಲೂ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಸಿಬಿಟಿ ಚಿಕಿತ್ಸೆ, ಆತಂಕಕ್ಕೆ ನಿಜಕ್ಕೂ ಒಳ್ಳೆಯದು. ನನಗೆ ಅದರಿಂದ ಉಪಕಾರವಾಗಿದೆ.

ಉಸಿರು ಬಿಡುವುದಕ್ಕಿಂತ ಎಳೆಯುವುದೇ ಕಷ್ಟ, ಬಿಗಿತ ಗಂಟಲಲ್ಲಿ, ಇನ್ಹೇಲರ್‌ನಿಂದ ಏನೂ ಆಗುತ್ತಿಲ್ಲ ಅನ್ನಿಸಿದರೆ ಅದನ್ನೂ ಡಾಕ್ಟರ್‌ಗೆ ಬಿಡಿಸಿ ಹೇಳಿ. ಧ್ವನಿತಂತುಗಳು ತಪ್ಪು ಹೊತ್ತಿಗೆ ಮುಚ್ಚಿಕೊಳ್ಳುವ ತೊಂದರೆ ಒಂದಿದೆ. ಒತ್ತಡದಲ್ಲಿ ಕೆರಳುತ್ತದೆ, ನೋಡಲು ಆಸ್ತಮಾದಂತೆಯೇ ಇರುತ್ತದೆ. ಅದಕ್ಕೆ ಸ್ಪೀಚ್ ಥೆರಪಿ ಬೇಕು.

ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಂಡರೆ, ಇನ್ಹೇಲರ್‌ಗೆ ಜಗ್ಗದಿದ್ದರೆ ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ಮಲಗಬೇಡಿ, ನೆಟ್ಟಗೆ ಕೂತು ಇನ್ಹೇಲರ್ ಮುಂದುವರಿಸಿ. ಇಷ್ಟನ್ನೂ ಡಾಕ್ಟರ್ ಕೈಲಿ ನಿಮ್ಮ ಡೋಸ್ ಸಮೇತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಆ ಹಾಳೆಯನ್ನು ಮನೆಯವರಿಗೂ ಓದಿಸಿ. ಅವರು ನಿಮಗೆ ಧೈರ್ಯ ಹೇಳುವುದು ಬೇಕಿಲ್ಲ. ಇನ್ಹೇಲರ್, ಸ್ಪೇಸರ್ ಎಲ್ಲಿದೆ ಅಂತ ಗೊತ್ತಿರಬೇಕು, ತಂದುಕೊಡಬೇಕು. ಪಕ್ಕದಲ್ಲಿ ಕೂತು ಪಫ್ ಎಣಿಸಬೇಕು. ತಲೆಯಾಡಿಸಿ ಉತ್ತರ ಕೊಡಬಹುದಾದ ಪ್ರಶ್ನೆ ಮಾತ್ರ ಕೇಳಬೇಕು. ಯಾಕೆ ಬಂತು ಅನ್ನುವ ಚರ್ಚೆಯನ್ನು ಉಬ್ಬಸ ಇಳಿದ ಮೇಲೆ ಇಟ್ಟುಕೊಳ್ಳಲಿ.